ಬಣ್ಣ ಬಿರಿಯದಂತೆ ಅಂಚು ಮಡಿಸುವ ಪವಿತ್ರಾ

ಶೃಂಗೇರಿ ಹತ್ತಿರದ ಮೆಣಸೆಯಲ್ಲಿ ಇನ್ನೂ ಪೂರ್ತಿ ಬೆಳಕಾಗಿಲ್ಲ. ಮನೆಯ ಪಕ್ಕಕ್ಕೆ ಇಳಿಸಿದ ತಗಡಿನ ಮಾಡಿನ ಕೆಳಗೆ ಬಿಳಿ ಟ್ಯಾಕ್ಸಿಯೊಂದು ಹಿಂದಿನ ಚಕ್ರ ಕಳಚಿಕೊಂಡು ಜಾಕಿನ ಮೇಲೆ ನಿಂತಿದೆ. ಪವಿತ್ರಾ ಮಣೆ ಹಾಕಿ ಕೂತು, ಮಡ್‌ಗಾರ್ಡಿನ ಒಳಗೆ ಕೈ ತೂರಿಸಿ ಒಣಗಿದ ಕೆಸರು ಕೆರೆಯುತ್ತಿದ್ದಾರೆ. ಒಂದು ಮರಳಿನ ಕಾಳು ಉಳಿದರೂ ಅಂಚು ಮಡಿಸುವ ರೋಲರಿಗೆ ಸಿಕ್ಕಿ ಬಣ್ಣ ಗೀರುತ್ತದೆ. ಒರೆಸಿ ಮುಗಿಸಿ, ಬಿಸಿಗಾಳಿ ಊದುವ ಹೀಟ್ ಗನ್ ಹಚ್ಚುತ್ತಾರೆ. ತೋಟಗಳ ಪಂಪ್‌ಸೆಟ್ ಶುರುವಾದರೆ ವೋಲ್ಟೇಜ್ ಬೀಳುತ್ತದೆ. ಅದಕ್ಕೇ ಈ ಹೊತ್ತು.

ಚಕ್ರದ ಮೇಲಿನ ಕಮಾನಿನಲ್ಲಿ ತಗಡಿನ ಒಂದು ಅಂಚು ಒಳಕ್ಕೆ ಚಾಚಿಕೊಂಡಿರುತ್ತದೆ. ಕೆರೆಕಟ್ಟೆ ಊರಿನ ಕಡೆಯ ರಸ್ತೆಗೆಂದು ದಪ್ಪ ಟಯರು ಹಾಕಿಸಿ, ಜನ ತುಂಬಿಕೊಂಡು ಹೊರಟರೆ ಗುಂಡಿಗೆ ಇಳಿದಾಗಲೆಲ್ಲ ಆ ಅಂಚು ಟಯರನ್ನು ಕೊಯ್ಯುತ್ತದೆ. ಅದನ್ನು ಒಳಗಿಂದೊಳಗೇ ಮೇಲಕ್ಕೆ ಮಡಿಸಿ ಕೂರಿಸಬೇಕು, ಹೊರಗಿನ ಬಣ್ಣ ಮಾತ್ರ ಬಿರಿಯಬಾರದು. ಬಿರಿದರೆ ಒಂದೇ ಮಳೆಗಾಲಕ್ಕೆ ತುಕ್ಕು. ಪವಿತ್ರಾ ಮನೆಯಲ್ಲೇ ಮಾಡುವ ಕೆಲಸ ಇದು.

ಮೊದಲು ಇದು ಗಂಡ ಸುಂದರೇಶ್ ಅವರ ಕೆಲಸವಾಗಿತ್ತು. ಕೊಪ್ಪದ ಗ್ಯಾರೇಜೊಂದರಲ್ಲಿ ಟಿಂಕರಿಂಗ್ ಮಾಡುತ್ತಿದ್ದಾಗ ಜಾಕ್ ಜಾರಿ ಬಲಭುಜದ ಮೂಳೆ ಮುರಿಯಿತು. ಈಗ ಆ ಕೈ ಎದೆಯ ಮಟ್ಟಕ್ಕಿಂತ ಮೇಲೆ ಏಳುವುದಿಲ್ಲ. ಗ್ಯಾರೇಜಿನಿಂದ ಅವರು ಮನೆಗೆ ತಂದದ್ದು ತಾವೇ ಮಾಡಿಕೊಂಡಿದ್ದ ರೋಲರ್ ಒಂದನ್ನೇ. ಆಗ ಪವಿತ್ರಾ ಅಡಿಕೆ ಸುಲಿಯಲು ಕೂಲಿಗೆ ಹೋಗುತ್ತಿದ್ದರು. "ಅದು ಮೂಲೇಲಿ ಬಿದ್ದಿತ್ತು. ನೀವು ಬಾಯಲ್ಲಿ ಹೇಳಿ, ನಾ ಮಾಡ್ತೆ ಅಂದೆ. ಇವ್ರು ಮೂರ್ನೇ ದಿನ ಹೂಂ ಅಂದ್ರು" ಎಂದು ನನಗೆ ಹೇಳುತ್ತಾರೆ.

ಮೊದಲು ಕಾರು ಕೊಟ್ಟವರು ಶಾಲಾ ಶಿಕ್ಷಕಿ ಅರ್ಪಣಾ. ಪವಿತ್ರಾ ಹೆದರಿಕೆಯಲ್ಲಿ ಅವಸರ ಮಾಡಿದರು. ತಗಡು ಬಿಸಿಯಾಗುವ ಮೊದಲೇ ರೋಲರ್ ಎಳೆದರು. ಟಕ್ ಎಂದಿತು. ಬಣ್ಣದಲ್ಲಿ ಉಗುರಿನುದ್ದದ ಬಿರುಕು. ಸುಂದರೇಶ್ ಎದ್ದು ಒಳಗೆ ಹೋದರು. ಪವಿತ್ರಾ ಆ ದಿನ ಊಟ ಮಾಡಲಿಲ್ಲ. ವಾರ ಕಳೆದು ಅರ್ಪಣಾ ಮತ್ತೆ ಅದೇ ಕಾರು ತಂದು ನಿಲ್ಲಿಸಿದರು. "ಇನ್ನೊಂದು ಪಕ್ಕ ಬಾಕಿ ಇತ್ತಲ್ಲ, ಅದನ್ನೂ ಮಾಡು. ಈ ಸಲ ನಿಧಾನ" ಎಂದರಂತೆ. ಇದನ್ನು ಹೇಳುವಾಗ ಪವಿತ್ರಾ ಮುಖ ಆಚೆ ತಿರುಗಿಸುತ್ತಾರೆ. ಆ ಸಲ ಸುಂದರೇಶ್ ಪಕ್ಕದಲ್ಲೇ ಕೂತು, ತಗಡಿನ ಸದ್ದು ಕೇಳುತ್ತಾ, ಎಲ್ಲಿ ಒತ್ತಬೇಕು, ಎಲ್ಲಿ ಬಿಡಬೇಕು ಎಂದು ಹೇಳಿಕೊಟ್ಟರು.

ಇವತ್ತಿನ ಟ್ಯಾಕ್ಸಿ ಎನ್.ಆರ್. ಪುರದ ರಾಕೇಶನದು. ಶೃಂಗೇರಿ ಬಸ್‌ಸ್ಟ್ಯಾಂಡಿನಲ್ಲಿ ಜನ ಕಾಯುತ್ತಿದ್ದಾರೆ ಎಂದು ಅವನು ಅಂಗಳದಲ್ಲಿ ಶತಪಥ ಹಾಕುತ್ತಿದ್ದಾನೆ. ಪವಿತ್ರಾ ಚಕ್ರದ ಜಾಗಕ್ಕೆ ರೋಲರಿನ ತೋಳು ಬಿಗಿದು, ಒಂದು ಕೈಯಲ್ಲಿ ಬಿಸಿಗಾಳಿ ಆಡಿಸುತ್ತಾ ಇನ್ನೊಂದರಲ್ಲಿ ತೋಳನ್ನು ಹಿಂದಕ್ಕೆ ಮುಂದಕ್ಕೆ ತಳ್ಳುತ್ತಾರೆ. ಪ್ರತಿ ಸುತ್ತಿಗೂ ಒತ್ತಡ ಕೊಂಚವೇ ಹೆಚ್ಚು. ಅಂಚು ಅರ್ಧ ಮಡಚಿದೆ. ಅಷ್ಟರಲ್ಲಿ ಕರೆಂಟ್ ಹೋಗುತ್ತದೆ.

"ಇನ್ನೊಂದ್ಸಲ ಎಳ್ದುಬಿಡಿ ಅಕ್ಕಾ, ಮುಗೀತದೆ."

"ತಣ್ಣಗಾಗಿದೆ ಮಾರಾಯ. ಈಗ ಎಳೆದ್ರೆ ಒಡೀತದೆ."

"ನನ್ನ ಟ್ರಿಪ್ ಹೋಗ್ತದಲ್ಲ!"

"ಟ್ರಿಪ್ ನಾಳೆನೂ ಸಿಕ್ತದೆ. ಬಣ್ಣ ಹೋದ್ರೆ ಹೋಯ್ತು."

ರಾಕೇಶ ಜಗಲಿಯಲ್ಲಿ ಕೂತ ಪವಿತ್ರಾರ ಗಂಡನ ಕಡೆ ತಿರುಗುತ್ತಾನೆ. ಸುಂದರೇಶ್ ಇಲ್ಲವೆಂದು ತಲೆಯಾಡಿಸುತ್ತಾರೆ: "ಕೆಲ್ಸ ಅವಳದ್ದು. ಅವಳು ಹೇಳಿದ್ಹಾಗೆ." ಕೊನೆಗೆ ಅವನು ಫೋನ್ ಮಾಡಿ ಬಾಡಿಗೆಯನ್ನು ಇನ್ನೊಬ್ಬ ಡ್ರೈವರಿಗೆ ಬಿಟ್ಟುಕೊಟ್ಟು, ಮುಖ ಊದಿಸಿಕೊಂಡು ಕಲ್ಲಿನ ಮೇಲೆ ಕೂರುತ್ತಾನೆ. ಪವಿತ್ರಾ ಗೋಡೆಗೆ ಒರಗಿ ಕಣ್ಣು ಮುಚ್ಚುತ್ತಾರೆ. ರೋಲರ್ ತಳ್ಳಿದ ಬಲಗೈಯನ್ನು ಮಡಿಲಲ್ಲಿಟ್ಟು ತಿಕ್ಕಿಕೊಳ್ಳುತ್ತಾರೆ. "ರಾತ್ರಿ ಇದೇ ಕೈ ಮೇಲೆ ಮಲಗೋಕೆ ಆಗೂದಿಲ್ಲ. ಹೀಂಗೇ ಕೂತಲ್ಲೇ ಒಂಚೂರು ನಿದ್ದೆ" ಎನ್ನುತ್ತಾರೆ. ಸೀಸನ್ನಿನಲ್ಲಿ ಇದರ ಜತೆಗೆ ಅಡಿಕೆ ಸುಲಿಯುವ ಕೂಲಿಯೂ ಇದೆ. ಕಾರುಗಳು ದಿನಾ ಬರುವುದಿಲ್ಲ.

ಬಿಸಿಲು ಅಂಗಳಕ್ಕೆ ಇಳಿದ ಮೇಲೆ ಕರೆಂಟ್ ಬರುತ್ತದೆ. ಪವಿತ್ರಾ ಮತ್ತೆ ಮೊದಲಿನಿಂದ ಬಿಸಿ ಮಾಡುತ್ತಾರೆ. ತಗಡು ಮೆಲ್ಲಗೆ, ಸದ್ದಿಲ್ಲದೆ ಮಡಚಿಕೊಳ್ಳುತ್ತದೆ. ಮಡಿಕೆಗೆ ನೀರು ಇಳಿಯದಂತೆ ಕಪ್ಪು ಲೇಪ ಹಚ್ಚುತ್ತಾರೆ. ರಾಕೇಶ ಬಗ್ಗಿ, ಕಮಾನಿನುದ್ದಕ್ಕೂ ಬೆರಳು ಸವರಿ ನೋಡುತ್ತಾನೆ. ಒಂದು ಗೆರೆಯೂ ಇಲ್ಲ. ಚಕ್ರವನ್ನು ಅವನೇ ಎತ್ತಿ ಕೂರಿಸಿ, ನಟ್ಟುಗಳನ್ನು ಅವನೇ ಬಿಗಿಯುತ್ತಾನೆ. ಪವಿತ್ರಾಗೆ ಅಷ್ಟು ಕೆಲಸ ತಪ್ಪುತ್ತದೆ.

ಟ್ಯಾಕ್ಸಿ ಹೋದ ಮೇಲೆ, ಮುಂದೆ ಏನಾದರೂ ಆಸೆ ಇದೆಯೇ ಎಂದು ಪವಿತ್ರಾರನ್ನು ಕೇಳುತ್ತೇನೆ.

"ಇಷ್ಟು ಕಾರಿಗೆ ಮಾಡಿದೀನಿ, ಒಂದ್ರಲ್ಲೂ ಕೂತು ಎಲ್ಲಿಗೂ ಹೋಗಿಲ್ಲ. ಒಂದ್ಸಲ ಇವ್ರನ್ನೂ ಕರ್ಕಂಡು, ಜನ ತುಂಬಿದ ಕಾರಲ್ಲಿ, ಹಿಂದಿನ ಸೀಟಲ್ಲಿ ಕೂತು ಕೆರೆಕಟ್ಟೆ ತನಕ ಹೋಗ್ಬೇಕು. ಗುಂಡೀಲಿ ಟಯರು ತಾಗ್ತದಾ ಕೇಳ್ಬೇಕು." ಕೈಗೆ ಅಂಟಿದ ಕಪ್ಪನ್ನು ಬಟ್ಟೆಗೆ ಉಜ್ಜುತ್ತಾ ನಗುತ್ತಾರೆ. "ತಾಗೂದಿಲ್ಲ ಬಿಡಿ. ಸದ್ದೇ ಇಲ್ದೆ ನಂಗೆ ನಿದ್ದೆ ಬಂದಿರ್ತದೆ."