ಹೆಂಗಸರ ಕಡೆಯ ವೀಡಿಯೋ

ನಮ್ಮ ಮದುವೆಗಳಲ್ಲಿ ಗಂಡಸರ ಹಾಲ್ ಬೇರೆ, ಹೆಂಗಸರ ಹಾಲ್ ಬೇರೆ. ಗಂಡಸರ ಕಡೆಯ ವೀಡಿಯೋ ತೆಗೆಯಲು ಮಂಗಳೂರಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಹೆಂಗಸರ ಕಡೆಯದ್ದು ತೆಗೆಯುವವಳು ನನ್ನ ತಂಗಿಯ ಮಗಳು ರಮ್ಲಾ. ತೆಗೆದು ಮನೆಗೆ ತಂದು, ಕಂಪ್ಯೂಟರಿನಲ್ಲಿ ಕತ್ತರಿಸಿ ಜೋಡಿಸಿ, ಪೆನ್‌ಡ್ರೈವಿಗೆ ಹಾಕಿ ಮದುಮಗಳ ತಾಯಿಯ ಕೈಗೇ ಕೊಡುತ್ತಾಳೆ. ನಡುವೆ ಯಾವ ಗಂಡಸಿನ ಕಣ್ಣೂ ಅದರ ಮೇಲೆ ಬೀಳುವುದಿಲ್ಲ. ಅವಳನ್ನು ಕರೆಯುವುದೇ ಆ ಮಾತಿನ ಮೇಲೆ.

ಹಾಲಿನ ಬಾಗಿಲಲ್ಲಿ ನಿಂತು ಆ ಮಾತನ್ನು ಹೇಳುವವಳು ನಾನು. ಅವಳು ಕ್ಯಾಮೆರಾ ಹಿಡಿದರೆ ನಾನು ಲೈಟ್ ಹಿಡಿಯುತ್ತೇನೆ. ಕ್ಯಾಮೆರಾ ಕಂಡ ಕೂಡಲೇ ಹೆಂಗಸರು ಮುಖಕ್ಕೆ ಸೆರಗು ಎಳೆದುಕೊಳ್ಳುತ್ತಾರೆ. ಆಗ ನಾನು, ಇದನ್ನು ಗಂಡಸರು ನೋಡುವುದಿಲ್ಲ, ನೀವು ನಗಿ, ಹಾಡಿ, ಕುಣಿಯಿರಿ ಎಂದು ಹೇಳುತ್ತೇನೆ. ಅವರು ನಂಬುತ್ತಾರೆ. ಮುದುಕಿ ಸುಳ್ಳು ಹೇಳಲಿಕ್ಕಿಲ್ಲ ಎಂದು.

ರಮ್ಲಾ ಈ ಕೆಲಸಕ್ಕೆ ಬಂದದ್ದು ಅವಳದೇ ಮದುವೆಯಿಂದ. ಮದುವೆ ಎರಡು ವರ್ಷ ನಡೆಯಿತು, ಆಮೇಲೆ ತಿರುಗಿ ಬಂದಳು. ಅದರ ಕಾರಣ ನಾನು ಕೇಳಲಿಲ್ಲ, ಇಲ್ಲಿ ಬರೆಯುವುದೂ ಇಲ್ಲ. ಆದರೆ ಮದುವೆಯ ಆಲ್ಬಮ್ ತರಲು ನಾವಿಬ್ಬರು ಪೇಟೆಯ ಒಂದು ಸ್ಟುಡಿಯೋಕ್ಕೆ ಹೋದ ದಿನದ್ದು ಬರೆಯಬೇಕು. ಒಳಗೆ ದೊಡ್ಡ ಪರದೆಯಲ್ಲಿ ನಮ್ಮ ಹೆಂಗಸರ ಕಡೆಯ ಕ್ಯಾಸೆಟ್ಟು ಓಡುತ್ತಿತ್ತು. ಕೆಲಸದವರು, ಅವರ ಸ್ನೇಹಿತರು ಚಾ ಕುಡಿಯುತ್ತಾ ನೋಡಿ ನಗುತ್ತಿದ್ದರು. ತಲೆಯ ಬಟ್ಟೆ ಜಾರಿದ್ದು ಗೊತ್ತಿಲ್ಲದೆ ಚಪ್ಪಾಳೆ ತಟ್ಟಿ ಹಾಡುತ್ತಿದ್ದ ಹೆಂಗಸು ನಾನು. ರಮ್ಲಾ ಸೀದಾ ಹೋಗಿ ಪ್ಲಗ್ಗನ್ನು ಗೋಡೆಯಿಂದ ಕಿತ್ತಳು. ಬಸ್ಸು ಕೂಳೂರು ಹೊಳೆಯ ಸಂಕ ದಾಟುವಾಗ ಅವಳು, ಈ ಕೆಲಸ ನಾನೇ ಕಲಿಯುತ್ತೇನೆ ಎಂದಳು. ಕಲಿತಳು.

ಈಗ ಕಂಪ್ಯೂಟರಿನ ವಿಷಯ. ಅದು ಹಳೆಯದು. ಅದರೊಳಗೆ ಚಿತ್ರವನ್ನು ಪರದೆಗೆ ಕಳಿಸುವ ಒಂದು ಹಲಗೆ ಉಂಟು, ಗ್ರಾಫಿಕ್ಸ್ ಕಾರ್ಡ್ ಎನ್ನುತ್ತಾರೆ. ಹಳೆಯ ಕಾರ್ಡಿಗೆ ಹೊಸ ಕ್ಯಾಮೆರಾದ ಭಾರ ತಡೆಯಲಿಲ್ಲ. ಸ್ವಲ್ಪ ಹೊತ್ತು ಕೆಲಸ ಮಾಡಿದರೆ ಬಿಸಿಯಾಗಿ ಪರದೆ ತುಂಬ ಗೆರೆ ಗೆರೆ ಬರುತ್ತಿತ್ತು, ಆಮೇಲೆ ಕಪ್ಪು. ದಮ್ಮಾಮಿನಲ್ಲಿರುವ ಅವಳ ಅಣ್ಣ ನಿಝಾರ್ ರಜೆಯಲ್ಲಿ ಬರುವಾಗ ಬಟ್ಟೆಯ ನಡುವೆ ಸುತ್ತಿ ಹೊಸ ಕಾರ್ಡ್ ತಂದುಕೊಟ್ಟ.

ಅದು ಬಂದ ವಾರವೇ ಉಳ್ಳಾಲದ ಸುಹರಾಳ ಮಗಳು ಮರ್ವಾಳ ಮದುವೆ ಮುಗಿದಿತ್ತು. ಸುಹರಾಳ ಗಂಡ ಅಹ್ಮದ್ ಬಾವ ಪ್ಲೈವುಡ್ ವ್ಯಾಪಾರಿ, ದೊಡ್ಡ ಮನೆ. ಕೆಲಸ ಹೇಳುವಾಗಲೇ ಸುಹರಾ, ಗಂಡಸರು ನೋಡಿದರೆಂದು ಕಿವಿಗೆ ಬಿದ್ದರೆ ನಿನ್ನನ್ನು ಬಿಡುವುದಿಲ್ಲ ಎಂದಿದ್ದಳು. ಶನಿವಾರ ಮರ್ವಾ ಗಂಡನೊಟ್ಟಿಗೆ ಶಾರ್ಜಾಕ್ಕೆ ಹೋಗುವವಳು. ಅದರ ಮುಂಚೆ ವೀಡಿಯೋ ಕೈಗೆ ಸಿಗಬೇಕಿತ್ತು.

ರಮ್ಲಾ ಕಂಪ್ಯೂಟರಿನ ಪೆಟ್ಟಿಗೆ ಬಿಚ್ಚಿ ಹಳೆಯ ಕಾರ್ಡ್ ತೆಗೆದು ಹೊಸದನ್ನು ಕೂರಿಸಿದಳು. ಸ್ವಿಚ್ ಹಾಕಿದಾಗ ಒಳಗೆ ದೀಪ ಉರಿಯಿತು, ಫ್ಯಾನ್ ತಿರುಗಿತು. ಪರದೆ ಮಾತ್ರ ಕಪ್ಪು.

ಅವಳು ಗಾಬರಿ ಬೀಳಲಿಲ್ಲ. ಒಂದೊಂದಾಗಿ ನೋಡಿದಳು, ನಾನು ಟಾರ್ಚ್ ಹಿಡಿದೆ. ಪರದೆಯ ವಯರು ಹೊಸ ಕಾರ್ಡಿನ ಒಂದು ತೂತಿನಲ್ಲಿ ಇತ್ತು, ಅದನ್ನು ಪಕ್ಕದ ತೂತಿಗೆ ಹಾಕಿದಳು. ಕಪ್ಪು. ಕಾರ್ಡಿಗೆ ಬೇರೆಯೇ ಒಂದು ಕರೆಂಟಿನ ವಯರು ಬೇಕಂತೆ, ಅದು ಕೊಟ್ಟೇ ಇತ್ತು, ತೆಗೆದು ಒತ್ತಿ ಹಾಕಿದಳು. ಕಪ್ಪು. ಕಾರ್ಡನ್ನು ಎಬ್ಬಿಸಿ, ಬಾಯಿಯ ಧೂಳು ಬ್ರಶ್ಶಿನಿಂದ ತೆಗೆದು, ಟಿಕ್ ಎನ್ನುವವರೆಗೆ ಒತ್ತಿ ಕೂರಿಸಿದಳು. ಪರದೆಯೇ ಹಾಳೋ ಎಂದು ಟಿವಿಗೂ ಹಚ್ಚಿ ನೋಡಿದಳು. ಟಿವಿಯೂ ಕಪ್ಪು.

ನಿಝಾರ್ ಬಂದ. ಸರಿ, ನಾನು ಕೂತು ನೋಡುತ್ತೇನೆ, ಇಲ್ಲದಿದ್ದರೆ ಒಳಗಿನದನ್ನೆಲ್ಲ ನನ್ನ ಲ್ಯಾಪ್‌ಟಾಪಿಗೆ ಹಾಕಿಕೊಡು ಎಂದ. ರಮ್ಲಾ ಆಗುವುದಿಲ್ಲ ಎಂದಳು. ಪರದೆ ಬಂದ ಕೂಡಲೇ ಮೊದಲು ಕಾಣುವುದು ಆ ಹೆಂಗಸರೇ. ನಿಝಾರನಿಗೆ ಸಿಟ್ಟು ಬಂತು. ತಂದುಕೊಟ್ಟವನು ಅವನಲ್ಲವೇ.

"ನಾನು ಎಂತ ಹೊರಗಿನವನಾ? ನಿನ್ನ ಅಣ್ಣ ಅಲ್ವಾ?"

"ನನಗೆ ಅಣ್ಣ," ಎಂದಳು ರಮ್ಲಾ. "ಆ ಹೆಂಗಸರಿಗೆ ಅಲ್ಲ."

ಅವನು ಚಪ್ಪಲಿ ಹಾಕಿ ಹೊರಟುಹೋದ.

ಮರುದಿನ ರಮ್ಲಾ ಒಂದು ಉಪಾಯ ಮಾಡಿದಳು. ವೀಡಿಯೋಗಳೆಲ್ಲ ಇರುವುದು ಹಾರ್ಡ್ ಡಿಸ್ಕ್ ಎನ್ನುವ ಸಣ್ಣ ಡಬ್ಬಿಯಲ್ಲಿ. ಅದನ್ನು ಬಿಚ್ಚಿ ನನ್ನ ಕೈಗೆ ಕೊಟ್ಟಳು, ನಾನು ಅದನ್ನು ನಮಾಝಿನ ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಬರೀ ಪೆಟ್ಟಿಗೆಯನ್ನು ರಿಕ್ಷಾದಲ್ಲಿ ಮಡಿಲಲ್ಲಿಟ್ಟುಕೊಂಡು ಪೇಟೆಯ ರಿಪೇರಿ ಅಂಗಡಿಗೆ ಹೋದೆವು. ಸಂಕದ ಮೇಲೆ ಲಾರಿಗಳ ಸಾಲು. ಸೆಖೆಗೆ ಪೆಟ್ಟಿಗೆಯ ತಗಡು ನಮ್ಮ ಕೈಗೆ ಅಂಟುತ್ತಿತ್ತು.

ಅಂಗಡಿಯ ಅಕ್ಷಿತ್ ಒಳ್ಳೆಯವನು, ಮರ್ಯಾದೆಯಿಂದ ಕುರ್ಚಿ ಕೊಟ್ಟ. ಡಿಸ್ಕ್ ಇಲ್ಲದೆ ಎಂತ ನೋಡುವುದು ಅಕ್ಕ ಎಂದು ಕೇಳಿದ. ಡಿಸ್ಕಿನ ಮೊದಲೇ ಪರದೆಯಲ್ಲಿ ಬಿಳಿ ಅಕ್ಷರ ಬರ್ತದಲ್ಲ, ಅದು ಬಂದರೆ ಸಾಕು ಎಂದಳು ರಮ್ಲಾ. ಅವನು ನಕ್ಕು, ಸರಿ ಎಂದು ಕಾರ್ಡನ್ನು ತೆಗೆದು ತನ್ನ ಹೊಸ ಕಂಪ್ಯೂಟರಿಗೆ ಹಾಕಿದ. ಚಿತ್ರ ಕನ್ನಡಿಯ ಹಾಗೆ ಬಂತು. ತಿರುಗಿ ನಮ್ಮದಕ್ಕೆ ಹಾಕಿದರೆ ಕಪ್ಪು. ಕಾರ್ಡ್ ಒಳ್ಳೆಯದು, ಅದು ಕೂರುವ ನಿಮ್ಮ ಬೋರ್ಡು ಹಳೆಯದು, ಅದಕ್ಕೆ ಇದು ಆಗುವುದಿಲ್ಲ ಎಂದ. ಡಿಸ್ಕ್ ಸಮೇತ ಎರಡು ದಿನ ಇಲ್ಲಿಟ್ಟರೆ ಬೇರೆ ಏನಾದರೂ ನೋಡಬಹುದು, ಇಲ್ಲದಿದ್ದರೆ ಹೊಸ ಕಂಪ್ಯೂಟರ್ ತೆಗೆಯುವುದೇ ಒಳ್ಳೆಯದು ಎಂದೂ ಹೇಳಿದ. ರಮ್ಲಾ ಪೆಟ್ಟಿಗೆ ಎತ್ತಿಕೊಂಡಳು.

ಮನೆಗೆ ಬಂದು ಡಿಸ್ಕ್ ತಿರುಗಿ ಹಾಕಿ ಸ್ವಿಚ್ ಒತ್ತಿದಳು. ಕಪ್ಪು ಪರದೆಯ ಎದುರು ಕೂತು, ಒಳಗೆ ಜೀವ ಉಂಟೋ ನೋಡಲು ಕೀಬೋರ್ಡಿನ ಒಂದು ಗುಂಡಿ ಒತ್ತಿದಳು. ಕೀಬೋರ್ಡಿನ ಮೂಲೆಯ ಸಣ್ಣ ದೀಪ ಉರಿಯಿತು. ಮತ್ತೆ ಒತ್ತಿದಳು, ನಂದಿತು. ಹಾಗೆ ಮೂರು ಸಲ ಮಾಡಿದಳು. ಆಮೇಲೆ ಏನೂ ಕಾಣದಿದ್ದರೂ ತನ್ನ ಬೀಗದ ಶಬ್ದವನ್ನು, ಪಾಸ್‌ವರ್ಡನ್ನು, ಬೆರಳಿನ ಅಭ್ಯಾಸದಲ್ಲೇ ಒತ್ತಿ ಹಾಗೇ ಬಿಟ್ಟಳು. ಇನ್ನೂ ಏನೂ ಇಲ್ಲ. ಇಬ್ಬರೂ ಅಡುಗೆಮನೆಗೆ ಹೋದೆವು.

ಆಗ ಸುಹರಾಳ ಫೋನು ಬಂತು. ಯಾರೋ ಅವಳಿಗೆ ಕಂಪ್ಯೂಟರ್ ಹಾಳಾದದ್ದು ಹೇಳಿದ್ದರು. ನಾಳೆ ಬೆಳಿಗ್ಗೆ ಮಗನನ್ನು ಕಳಿಸುತ್ತೇನೆ, ಪೆಟ್ಟಿಗೆ ಹಾಗೆಯೇ ಕೊಟ್ಟುಬಿಡು, ಪೇಟೆಯ ಸ್ಟುಡಿಯೋದಲ್ಲಿ ಒಂದೇ ದಿನದಲ್ಲಿ ಮಾಡಿಕೊಡುತ್ತಾರೆ ಎಂದಳು. ಗಂಡಸರು ನೋಡಬಾರದೆಂದು ಹೇಳಿದವರು ನೀವೇ ಅಲ್ಲವೇ ಎಂದು ರಮ್ಲಾ ಕೇಳಿದಳು. ಅದು ನನ್ನ ಮಗಳ ಮದುವೆ, ನಾನೇ ಪರವಾಗಿಲ್ಲ ಅಂದ ಮೇಲೆ ನಿನಗೆಂತ ಎಂದಳು ಸುಹರಾ. ಫೋನು ಸ್ಪೀಕರಿನಲ್ಲಿತ್ತು. ರಮ್ಲಾ ಮೀನು ಕೊಯ್ಯುತ್ತಿದ್ದ ಕೈಯನ್ನು ನಿಲ್ಲಿಸಲಿಲ್ಲ.

"ನಿಮ್ಮ ಮಗಳದ್ದು ನಿಮಗೆ ಕೊಡ್ತೇನೆ. ಆದರೆ ಅದರಲ್ಲಿ ಹಾಲಿಡೀ ಹೆಂಗಸರು ಇದ್ದಾರೆ. ನಮ್ಮ ಮೂತಮ್ಮ ಬಾಗಿಲಲ್ಲಿ ನಿಂತು ಅವರಿಗೆ ಹೇಳಿದ್ದಾರೆ. ಅವರ ಮುಖ ಕೊಡ್ಲಿಕ್ಕೆ ನೀವು ಯಾರು, ನಾನು ಯಾರು?"

"ಹಾಗಾ? ಇನ್ನು ಉಳ್ಳಾಲದಲ್ಲಿ ನಿನ್ನನ್ನು ಯಾರು ಕರೀತಾರೆ, ನೋಡ್ತೇನೆ."

"ನೋಡಿ," ಎಂದಳು ರಮ್ಲಾ.

ಮೂತಮ್ಮ ಎಂದರೆ ನಾನೇ, ತಾಯಿಯ ಅಕ್ಕನನ್ನು ನಾವು ಹಾಗೆ ಕರೆಯುವುದು. ಉಳ್ಳಾಲ ಹೋದರೆ ನಮ್ಮ ಅರ್ಧ ಕೆಲಸ ಹೋದ ಹಾಗೆ. ಹಾಗೆಂದು ಕೊಡು ಎನ್ನಲು ನನ್ನ ಬಾಯಿ ಬರಲಿಲ್ಲ. ಆ ಹಾಲಿನಲ್ಲಿ ಸೆರಗು ಬಿಟ್ಟು ಹಾಡಿದವರ ಮುಖಗಳು ನನಗೆ ಒಂದೊಂದಾಗಿ ಗೊತ್ತು.

ಮೀನಿಗೆ ಉಪ್ಪು ಮೆಣಸು ಹಚ್ಚಿ ಇಡುವಾಗ ಒಳಗಿನ ಕೋಣೆಯಲ್ಲಿ ಇಳಿಹೊತ್ತಿನ ನಮಾಝಾದ ಅಸರ್‌ನ ಬಾಂಗು ಕೇಳಿತು. ಮಸೀದಿಯದ್ದಲ್ಲ, ಅದು ಆಮೇಲೆ ಬಂತು. ರಮ್ಲಾ ಕೆಲಸಕ್ಕೆ ಕೂತರೆ ಹೊತ್ತು ಮರೆಯುತ್ತಾಳೆಂದು ಕಂಪ್ಯೂಟರಿನಲ್ಲೇ ಬಾಂಗು ಕೂಗುವ ಹಾಗೆ ಇಟ್ಟಿದ್ದಳು. ಕಪ್ಪು ಪರದೆಯ ಕಂಪ್ಯೂಟರು ಸರಿಯಾದ ಹೊತ್ತಿಗೆ ಬಾಂಗು ಕೂಗಿತ್ತು.

ಅವಳು ಮಸಾಲೆಯ ಕೈಯಲ್ಲೇ ಬಾಗಿಲಿಗೆ ಬಂದು ನಿಂತಳು. ಬಾಂಗು ಮುಗಿದ ಮೇಲೆ ಹೇಳಿದಳು.

"ಮೂತಮ್ಮ, ಇದು ಸತ್ತಿಲ್ಲ. ಹೊಸ ಕಾರ್ಡು ಇದ್ದೇ ಇದು ಎದ್ದಿದೆ, ಪಾಸ್‌ವರ್ಡೂ ತಕೊಂಡಿದೆ. ತೋರಿಸ್ಲಿಕ್ಕೆ ಮಾತ್ರ ಗೊತ್ತಾಗುದಿಲ್ಲ."

ನಮಾಝ್ ಮುಗಿಸಿ ಅವಳು ಫೋನಿನಲ್ಲಿ ಹುಡುಕಲು ಕೂತಳು. ಇಷ್ಟು ಹೊತ್ತು ಪರದೆ ಯಾಕೆ ಕಪ್ಪು ಎಂದು ಕೇಳಿದ್ದಳು, ಈಗ ಬೋರ್ಡು ಹಳೆಯದು, ಕಾರ್ಡು ಹೊಸದು, ಎರಡೂ ಒಳ್ಳೆಯದು, ಕಂಪ್ಯೂಟರು ಏಳುತ್ತದೆ, ಚಿತ್ರ ಇಲ್ಲ ಎಂದು ಕೇಳಿದಳು. ಉತ್ತರ ಸಿಕ್ಕಿತು. ನನಗೆ ಅವಳು ಹೇಳಿದ್ದು ಹೀಗೆ. ಬೋರ್ಡಿನ ಒಳಗೆ ಬಯೋಸ್ ಎಂದು ಒಂದು ಪಾಠ ಬರೆದಿಟ್ಟಿರುತ್ತಾರೆ. ಏಳುವಾಗ ಕಂಪ್ಯೂಟರು ಮೊದಲು ಅದನ್ನು ಓದುತ್ತದೆ. ನಮ್ಮ ಪಾಠ ಬರೆದ ಕಾಲದಲ್ಲಿ ಈ ತರದ ಕಾರ್ಡೇ ಇರಲಿಲ್ಲ, ಆದ್ದರಿಂದ ಗುರುತು ಸಿಗುವುದಿಲ್ಲ. ಬೋರ್ಡಿನ ಕಂಪೆನಿಯವರು ಹೊಸ ಪಾಠ ಪುಕ್ಕಟೆ ಇಟ್ಟಿದ್ದಾರೆ. ಹಳೆಯ ಕಾರ್ಡು ಹಾಕಿ, ಅದು ಬಿಸಿಯಾಗಿ ಕಪ್ಪಾಗುವ ಮೊದಲು ಹೊಸ ಪಾಠ ತುಂಬಿಸಬೇಕು. ನಡುವೆ ಕರೆಂಟ್ ಹೋದರೆ ಬೋರ್ಡು ನಿಜವಾಗಿಯೂ ಸಾಯುತ್ತದೆ.

ಅದು ಮೇ ತಿಂಗಳು. ದಿನಾ ಸಂಜೆ ಗುಡುಗು, ಕರೆಂಟಿನ ಭರವಸೆ ಇಲ್ಲ. ಬೆಳಿಗ್ಗೆ ಮಾಡುವುದೆಂದಾಯಿತು.

ಬೆಳಿಗ್ಗೆ ನಿಝಾರ್ ಗೇಟಿನ ಹತ್ತಿರ ಬಂದು ನಿಂತಿದ್ದ. ಸಿಟ್ಟು ಹೋಗಿರಲಿಲ್ಲ, ಆದರೂ ಬಂದಿದ್ದ. ರಮ್ಲಾ ಡಿಸ್ಕನ್ನು ಬಿಚ್ಚಿ ನನ್ನ ಕೈಗೆ ಕೊಟ್ಟು ಹೊರಗೆ ಹೋದಳು.

"ಈಗ ಬಾ ಕಾಕ. ಇದರಲ್ಲಿ ಬರೀ ತಗಡು ಉಂಟು."

ಕಾಕ ಎಂದರೆ ನಮ್ಮಲ್ಲಿ ಅಣ್ಣ. ಅವನಿಗೆ ನಗು ಬಂತು, ತೋರಿಸಲಿಲ್ಲ. ಹಜಾರದ ಇನ್ವರ್ಟರಿನಿಂದ ವಯರು ಎಳೆದು ಕಂಪ್ಯೂಟರಿಗೂ ಪರದೆಗೂ ಕೊಟ್ಟ. ಹಳೆಯ ಕಾರ್ಡು ಹಾಕಿದಾಗ ಬಿಳಿ ಅಕ್ಷರ ಬಂತು. ರಮ್ಲಾ ಹೊಸ ಪಾಠವನ್ನು ಫೋನಿನಿಂದ ಹಾಕಿಟ್ಟಿದ್ದ ಪೆನ್‌ಡ್ರೈವ್ ಚುಚ್ಚಿ, ಕೇಳಿದ ಕಡೆ ಹೌದು ಎಂದು ಒತ್ತಿದಳು. ಪರದೆಯಲ್ಲಿ ಒಂದು ಪಟ್ಟಿ ಎಡದಿಂದ ಬಲಕ್ಕೆ ತುಂಬತೊಡಗಿತು. ಅರ್ಧ ತುಂಬಿರಬೇಕು, ನಮ್ಮ ತಲೆಯ ಮೇಲಿನ ಫ್ಯಾನು ನಿಧಾನ ಆಗುತ್ತಾ ಬಂದು ನಿಂತಿತು. ಅದಕ್ಕೆ ಇನ್ವರ್ಟರ್ ಇಲ್ಲ. ಕರೆಂಟ್ ಹೋಗಿತ್ತು. ಪರದೆಯ ಮೂಲೆಯಲ್ಲಿ ಗೆರೆಗಳು ಶುರುವಾದವು. ಪಟ್ಟಿ ತುಂಬುತ್ತಲೇ ಇತ್ತು.

ಅಷ್ಟರಲ್ಲಿ ಹೊರಗೆ ಕಾರಿನ ಹಾರ್ನು. ಸುಹರಾಳ ಮಗ, ಪೆಟ್ಟಿಗೆ ಕೊಂಡುಹೋಗಲು. ರಮ್ಲಾ ಪರದೆಯಿಂದ ಕಣ್ಣು ತೆಗೆಯಲಿಲ್ಲ. ನಿಝಾರ್ ಎದ್ದು ಹೋದ. ಅವನು ಗೇಟಿನಲ್ಲಿ ಹೇಳಿದ್ದು ನನಗೆ ಕೇಳಿತು.

"ಒಳಗೆ ಇರುವುದು ಹೆಂಗಸರದ್ದು. ನನಗೇ ಕೈ ಹಾಕ್ಲಿಕ್ಕೆ ಇಲ್ಲ, ನಿನಗೆ ಉಂಟಾ? ಬೇಕಾದ್ರೆ ನಿನ್ನ ಉಮ್ಮನನ್ನು ಕರ್ಕೊಂಡು ಬಾ ಮಾರಾಯ."

ಅವನು ತಿರುಗಿ ಬರುವಾಗ ಪಟ್ಟಿ ತುಂಬಿತ್ತು. ಪೆಟ್ಟಿಗೆ ತಾನೇ ಆರಿ ತಾನೇ ಎದ್ದಿತು. ರಮ್ಲಾ ಆರಿಸಿ, ಹಳೆಯದನ್ನು ತೆಗೆದು ಹೊಸ ಕಾರ್ಡು ಟಿಕ್ ಎಂದು ಕೂರಿಸಿ, ವಯರು ಕೊಟ್ಟು, ಸ್ವಿಚ್ ಹಾಕಿದಳು. ಬಿಳಿ ಅಕ್ಷರ ಬಂತು. ಒಂದು ಗೆರೆಯೂ ಇಲ್ಲ. ನಾನು ಕಪಾಟಿನ ಬೀಗ ತೆಗೆದು ಡಿಸ್ಕ್ ತಂದೆ. ಅದನ್ನು ನೋಡಿದ ಕೂಡಲೇ ನಿಝಾರ್ ತಾನಾಗಿ ಹೊರಗೆ ಹೋಗಿ ಬಾಗಿಲಿನ ಪರದೆ ಎಳೆದ.

ಸುಹರಾ ಮಧ್ಯಾಹ್ನ ದಾಟಿ ಬಂದಳು. ಮಗನನ್ನು ಹೊರಗೆ ನಿಲ್ಲಿಸಿದವರು ಯಾರು ಎಂದು ಕೇಳುತ್ತಲೇ ಒಳಗೆ ಬಂದಳು. ರಮ್ಲಾ ಕೂರಲು ಹೇಳಿ, ಮಾಡುತ್ತಿದ್ದ ಕೆಲಸ ಮುಂದುವರಿಸಿದಳು. ಪರದೆಯಲ್ಲಿ ಮೈಲಾಂಜಿಯ, ಮದರಂಗಿ ಹಚ್ಚುವ ದಿನದ ಹಾಡು ಓಡುತ್ತಿತ್ತು. ಮರ್ವಾ ನಡುವೆ, ಸುತ್ತ ಹುಡುಗಿಯರು. ಒಂದು ಬದಿಯಿಂದ ಒಬ್ಬ ದಪ್ಪ ಹೆಂಗಸು ಸೊಂಟಕ್ಕೆ ಶಾಲು ಕಟ್ಟಿ ಒಳಗೆ ನುಗ್ಗಿದಳು. ತಲೆ ಬರಿದು, ಕೂದಲು ಬಿಚ್ಚಿ ಹೋಗಿತ್ತು. ಕೈ ತಟ್ಟಿ ಕುಣಿಯುತ್ತಿದ್ದಳು, ಕಣ್ಣಲ್ಲಿ ನೀರು, ಬಾಯಲ್ಲಿ ನಗು.

ಸುಹರಾ ತನ್ನನ್ನೇ ನೋಡಿದಳು. ಮೆಲ್ಲ ಬಂದು ನನ್ನ ಬದಿಯಲ್ಲಿ ಚಾಪೆಯ ಮೇಲೆ ಕೂತಳು.

ಹೊರಗಿನಿಂದ ಮಗ ಕೂಗಿದ, ಪೆಟ್ಟಿಗೆ ಎತ್ತಲು ಬರಬೇಕಾ ಎಂದು.

"ನೀನು ಅಲ್ಲೇ ನಿಲ್ಲು," ಎಂದಳು ಸುಹರಾ. "ಒಳಗೆ ಕಾಲಿಡ್ಬೇಡ."

ರಮ್ಲಾ ಆಗ ತಿರುಗಿ ನೋಡಿದಳು. ಇನ್ನೂ ಮುಗಿದಿಲ್ಲ, ಮಗ್ರಿಬ್‌ವರೆಗೆ, ಹೊತ್ತು ಮುಳುಗುವ ತನಕ ಕೂರಬೇಕಾಗುತ್ತದೆ ಎಂದಳು. ಕೂರುತ್ತೇನೆ ಎಂದಳು ಸುಹರಾ. ಮಗನನ್ನು ವಾಪಸು ಕಳಿಸಿದಳು. ಸ್ವಲ್ಪ ಹೊತ್ತಾದ ಮೇಲೆ ರಮ್ಲಾ ಪರದೆಯ ಮೇಲೆ ಬೆರಳಿಟ್ಟು ಕೇಳಿದಳು.

"ಈ ನಿಮ್ಮ ಕುಣಿತ ಕತ್ತರಿಸಿ ಹಾಕುದಾ?"

ಸುಹರಾ ಸೆರಗು ಸರಿ ಮಾಡಿಕೊಂಡಳು. ಆಮೇಲೆ ಬಿಟ್ಟಳು.

"ಬೇಡ. ಇರಲಿ. ನೋಡುವುದು ಹೆಂಗಸರೇ ಅಲ್ವಾ?"

"ಹೆಂಗಸರೇ," ಎಂದಳು ರಮ್ಲಾ. ಹಾಡನ್ನು ಮೊದಲಿನಿಂದ ಹಾಕಿದಳು.