ಹದ್ದಕ್ಕ ಆರಿಸಿದ ಬೇಳೆ

ನಮ್ಮ ಆಫೀಸಿನ ಹದ್ದಕ್ಕನ ಕೆಲಸ ಏನಾಗಿತ್ತೆಂದು ಯಾರಾದರೂ ಕೇಳಿದರೆ ನನಗೆ ಇವತ್ತಿಗೂ ಹೇಸಿಗೆಯಾಗುತ್ತದೆ. ಅವಳ ಮೇಲಲ್ಲ, ಆ ಕೆಲಸದ ಮೇಲೆ. ನಮ್ಮ ಯಜಮಾನರು ಜೈಲಿಗೆ ಬೇಳೆ ಒದಗಿಸುವ ಕಂಟ್ರಾಕ್ಟರ್. ವರ್ಷಕ್ಕೊಮ್ಮೆ ಟೆಂಡರ್ ಹಾಕುವಾಗ ಒಂದು ಕಿಲೋ ಬೇಳೆಯನ್ನು ಬಟ್ಟೆಚೀಲದಲ್ಲಿ ಹಾಕಿ, ಬಾಯಿಗೆ ಅರಗು ಒತ್ತಿ, ಸ್ಯಾಂಪಲ್ ಎಂದು ಕೊಡಬೇಕು. ಜೈಲಿನ ಅಧಿಕಾರಿ ಅದನ್ನು ಬಿಚ್ಚಿ ನೋಡಿ, ಒಪ್ಪಿದರೆ ಮತ್ತೆ ಮುದ್ರೆ ಹಾಕಿ ಬೀರುವಿನಲ್ಲಿಡುತ್ತಾರೆ. ವರ್ಷವಿಡೀ ಹೋಗುವ ಮೂಟೆಗಳು ಆ ಚೀಲದಲ್ಲಿದ್ದಂತೆಯೇ ಇರಬೇಕು. ತಕರಾರು ಬಂದರೆ ಚೀಲ ಬಿಚ್ಚಿ ಹೋಲಿಸಬೇಕು. ಇದು ಕರಾರು.

ಹದ್ದಕ್ಕ ಆ ಒಂದು ಕಿಲೋ ಬೇಳೆ ಆರಿಸುತ್ತಿದ್ದಳು. ಉಳಿದ ದಿನ ಕಸ ಗುಡಿಸಿ, ಚಹಾ ಕಾಯಿಸುತ್ತಿದ್ದಳು. ಟೆಂಡರ್ ಬಂತೆಂದರೆ ಮಾತ್ರ ಅವಳಿಗೆ ಕಿಟಕಿಯ ಪಕ್ಕದ ಮೇಜು, ಹೊಸ ಮೊರ, ಊರಿನ ಒಳ್ಳೆಯ ಅಂಗಡಿಯಿಂದ ತಂದ ಬೇಳೆ. ಎರಡು ದಿನ ತಲೆ ಎತ್ತುತ್ತಿರಲಿಲ್ಲ. ಒಡಕು, ಮುಕ್ಕು, ಬಣ್ಣ ಕೆಟ್ಟದ್ದು ಯಾವುದೂ ಅವಳ ಕಣ್ಣು ತಪ್ಪಿಸಿ ಹೋಗುತ್ತಿರಲಿಲ್ಲ. ಹದ್ದಿನ ಕಣ್ಣು ಎಂದು ಹೊಗಳಿ ಹೊಗಳಿ ನಾವೇ ಅವಳನ್ನು ಹದ್ದಕ್ಕ ಮಾಡಿದೆವು.

ಜೈಲಿಗೆ ಹೋಗುವ ಮೂಟೆಗಳು ಹಿಂದಿನ ಶೆಡ್ಡಿನಲ್ಲಿರುತ್ತಿದ್ದವು. ಗೋದಾಮುಗಳಲ್ಲಿ ಕೊನೆಗೆ ಗುಡಿಸಿ ಬಿಸಾಡುವ ಮಾಲು ಅದು. ಬಾಗಿಲು ತೆರೆದರೆ ಮುಗ್ಗಲು ವಾಸನೆ ಮೂಗಿಗೆ ಬಡಿಯುತ್ತಿತ್ತು. ಅವಳು ಅತ್ತ ಹೋಗುತ್ತಿರಲಿಲ್ಲ, ನಾನೂ ಅಷ್ಟೇ. ನಾನು ಗುಮಾಸ್ತ, ಕಾಗದ ಟೈಪ್ ಮಾಡುವುದು, ಚೀಲಕ್ಕೆ ಅರಗು ಹಾಕುವುದು ನನ್ನ ಪಾಲಿನ ಕೆಲಸ. ಇಬ್ಬರಿಗೂ ಗೊತ್ತಿರಲಿಲ್ಲವೇ ಎಂದರೆ, ಗೊತ್ತಿತ್ತು. ಹದಿನೆಂಟು ವರ್ಷದ ಜಾಣಕುರುಡು ನಮ್ಮದು. ಮೇಲೆ ಥಳುಕು ಒಳಗೆ ಹುಳುಕು ಅನ್ನುತ್ತಾರಲ್ಲ, ಆ ಥಳುಕಿನ ಸಂಬಳ ತಿಂದವರು ನಾವು.

ಹೀಗಿರುವಾಗ ಅವಳ ತಮ್ಮ ಅದೇ ಜೈಲಿಗೆ ಹೋದ. ಲಾರಿ ಓಡಿಸುತ್ತಿದ್ದವನು ಒಬ್ಬ ಮುದುಕನ ಮೇಲೆ ಹರಿಸಿ ಮೂರು ವರ್ಷ ಶಿಕ್ಷೆ ಪಡೆದ. ಅಪ್ಪ ಅಮ್ಮ ಇಲ್ಲದ ಹುಡುಗನನ್ನು ಎತ್ತಿ ಆಡಿಸಿ ಬೆಳೆಸಿದವಳು ಅವಳೇ. ಮೊದಲ ಸಲ ನೋಡಿ ಬಂದವಳು ನನ್ನ ಮೇಜಿನ ಮೇಲೆ ಒಂದು ಕಾಗದದ ಪೊಟ್ಟಣ ಬಿಚ್ಚಿಟ್ಟಳು. ಒಳಗೆ ಒಂದು ಹರಳುಕಲ್ಲು, ಮುರಿದ ಹಲ್ಲಿನ ಚೂರು.

"ಏನಕ್ಕಾ ಇದು?"

"ನಮ್ಮ ಬೇಳೇಲಿ ಸಿಕ್ಕಿದ್ದಂತೆ. 'ಅಕ್ಕಾ, ನಿನಗೆ ವಯಸ್ಸಾಯ್ತು, ಇದು ನಿನ್ನ ಕಣ್ಣು ತಪ್ಪಿಸಿಕೊಂಡಿದೆ' ಅಂತ ನಗ್ತಾನೆ. ಜೈಲಿಗೆ ಹೋಗೋ ಬೇಳೆನೆಲ್ಲ ನಾನೇ ಆರಿಸ್ತೀನಿ ಅಂದ್ಕೊಂಡಿದಾನೆ. ಒಳಗೆ ಎಲ್ಲರ ಹತ್ರ ಜಂಬ ಬೇರೆ ಕೊಚ್ಚಿದಾನೆ."

"ನೀನೇನಂದೆ?"

"ಏನಂತೀನಿ. ನೋಡ್ಕೊಂಡು ತಿನ್ನಪ್ಪಾ ಅಂದೆ."

ಆ ವರ್ಷದ ಟೆಂಡರ್ ಬಂದಾಗ ಅವಳು ಕಿಟಕಿಯ ಪಕ್ಕ ಕೂರಲಿಲ್ಲ. ಅಂಗಡಿಯ ಬೇಳೆಯನ್ನು ಮುಟ್ಟದೆ ಶೆಡ್ಡಿಗೆ ಹೋಗಿ, ಒಂದು ಮೂಟೆಯ ಹೊಲಿಗೆ ಬಿಚ್ಚಿ, ಮೊರದ ತುಂಬ ತಂದು ನನ್ನ ಮುಂದಿಟ್ಟಳು. ಬೇಳೆ ತಾನೇ ಹರಿದಾಡುತ್ತಿತ್ತು, ಅಷ್ಟು ಹುಳು. ಕಲ್ಲು, ಗೋಣಿನಾರು, ಇಲಿಹಿಕ್ಕೆ.

"ಇದನ್ನೇ ಚೀಲಕ್ಕೆ ಹಾಕ್ತೀನಿ," ಎಂದಳು. "ಆಫೀಸರ್ ಬಿಚ್ಚಿ ನೋಡ್ಲಿ. ಯಜಮಾನ್ರ ಮುಖಕ್ಕೆ ಎಸೀಲಿ. ಕಂಟ್ರಾಕ್ಟು ಇನ್ಯಾರಿಗಾದ್ರೂ ಹೋಗ್ಲಿ, ನನ್ನ ತಮ್ಮ ನೆಟ್ಟಗೆ ಎರಡು ತುತ್ತು ತಿನ್ಲಿ."

"ಕೆಲಸ ಹೋಗತ್ತೆ ಅಕ್ಕಾ."

"ಹೋದ್ರೆ ಪೀಡೆ ಹೋಯ್ತು."

ನಾನು ಅರಗು ಹಾಕಿದೆ. ಹದಿನೆಂಟು ವರ್ಷದಲ್ಲಿ ಸುಳ್ಳಲ್ಲದ ಚೀಲಕ್ಕೆ ಹಾಕಿದ್ದು ಅದೇ ಮೊದಲು.

ಚೀಲ ತೆಗೆದುಕೊಂಡು ಯಜಮಾನರ ಜೊತೆ ನಾನೇ ಜೈಲಿನ ಆಫೀಸಿಗೆ ಹೋದೆ. ಬೇರೆಯವರ ಚೀಲಗಳನ್ನು ಅಧಿಕಾರಿ ಒಂದೊಂದಾಗಿ ಬಿಚ್ಚಿ, ಬೇಳೆ ಅಂಗೈಗೆ ಹಾಕಿಕೊಂಡು, ಮೂಸಿ ನೋಡಿದರು. ನಮ್ಮದು ಬಂತು. ಕೈಯಲ್ಲಿ ತೂಗಿ ನಕ್ಕರು.

"ನಿಮ್ಮ ಹದ್ದಕ್ಕ ಆರಿಸಿದ್ದು ತಾನೆ? ಇದನ್ನೇನು ಬಿಚ್ಚೋದು ಬಿಡಿ."

ನಮ್ಮ ಅರಗಿನ ಮೇಲೆ ಅವರ ಮುದ್ರೆ ಬಿತ್ತು, ಚೀಲ ಬೀರುವಿಗೆ ಹೋಯಿತು. 'ಸ್ವಾಮಿ, ಒಂದ್ಸಲ ಬಿಚ್ಚಿ ನೋಡಿ' ಎನ್ನುವ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು. ಅನ್ನಲಿಲ್ಲ.

ಮೂರು ತಿಂಗಳಿಗೆ ಕೈದಿಗಳು ತಟ್ಟೆ ಮಗುಚಿಟ್ಟು ಕೂತರು. ದೂರಿನ ಅರ್ಜಿ ಬರೆದವನು ಅವಳ ತಮ್ಮನೇ. ಅಕ್ಕ ಆರಿಸುವುದು ಸ್ಯಾಂಪಲ್ ಮಾತ್ರ ಎಂದು ಅಷ್ಟರಲ್ಲಿ ಅವನಿಗೆ ತಿಳಿದಿತ್ತು; ಅವಳ ಮೇಲೆ ಅಷ್ಟು ಭರವಸೆ: 'ಬೀರುವಿನಲ್ಲಿರುವ ಸ್ಯಾಂಪಲ್ ಬಿಚ್ಚಿಸಿ ಹೋಲಿಸಿ ನೋಡಿ, ಅದರಲ್ಲಿ ಒಂದೇ ಒಂದು ಕಲ್ಲು ಸಿಕ್ಕರೂ ನಾವು ಸುಮ್ಮನೆ ಉಣ್ಣುತ್ತೇವೆ.'

ಮೇಲಿನಿಂದ ತನಿಖೆಯ ಸಾಹೇಬರು ಬಂದರು. ಎಲ್ಲರ ಎದುರು ಎರಡು ತಟ್ಟೆ ಇಟ್ಟು ಒಂದಕ್ಕೆ ಮೂಟೆಯ ಬೇಳೆ ಸುರಿದರು, ಇನ್ನೊಂದಕ್ಕೆ ಚೀಲದ್ದು. ಮುಚ್ಚಿದ ಚೀಲದಲ್ಲಿ ಮೂರು ತಿಂಗಳು ಸಂಸಾರ ಮಾಡಿದ ಹುಳು ಮೂಟೆಯದಕ್ಕಿಂತ ಹೆಚ್ಚೇ ಇತ್ತು. ಸಾಹೇಬರು ಕರವಸ್ತ್ರದಿಂದ ಮೂಗು ಮುಚ್ಚಿಕೊಂಡೇ ಬರೆಸಿದರು: 'ಒದಗಿಸಿದ ಮಾಲು ಒಪ್ಪಿದ ಸ್ಯಾಂಪಲ್‌ಗೆ ಸರಿಯಾಗಿದೆ. ದೂರು ವಜಾ.'

ಯಜಮಾನರಿಗೆ ಹೋದ ಜೀವ ಬಂದಂತಾಯಿತು. ಆಫೀಸಿಗೆ ಬಂದವರೇ ಹೊಟ್ಟೆ ಕುಲುಕಿಸಿ ನಕ್ಕರು.

"ಅಲ್ಲಮ್ಮಾ ಹದ್ದಕ್ಕ, ಇಂಥ ಬುದ್ಧಿ ಇಷ್ಟು ವರ್ಷ ಎಲ್ಲಿಟ್ಟಿದ್ದೆ? ಇನ್ಮೇಲೆ ಪ್ರತಿ ವರ್ಷ ಮೂಟೆಯಿಂದಾನೇ ತುಂಬು. ಆರಿಸೋ ಕಷ್ಟವೂ ತಪ್ತು."

ಅವಳು ಬಚ್ಚಲಿಗೆ ಹೋಗಿ ವಾಂತಿ ಮಾಡಿಕೊಂಡಳು.

ಮುಂದಿನ ಭೇಟಿಯ ದಿನ, ಒಬ್ಬಳೇ ಹೋಗಲಾರೆ ಎಂದು ನನ್ನನ್ನೂ ಕರೆದುಕೊಂಡು ಹೋದಳು. ತಮ್ಮ ಜಾಲರಿಯ ಆಚೆ ಬಂದು ನಿಂತ. ಸೊರಗಿದ್ದ. ನಗಲಿಲ್ಲ.

"ಆ ಚೀಲದ್ದು ನೀನು ತುಂಬಿದ್ದಾ ಅಕ್ಕಾ?"

"ಹೂಂ ಕಣಪ್ಪ. ನಾನೇ."

ಅವನು ಇನ್ನೇನೂ ಕೇಳದೆ ತಿರುಗಿ ನಡೆದ. ಅವಳು ಜಾಲರಿ ಹಿಡಿದುಕೊಂಡು ನನ್ನ ಮುಖ ನೋಡಿದಳು. ಯಾಕೆ ತುಂಬಿದಳೆಂದು ಬಲ್ಲವನು ನಾನೊಬ್ಬನೇ; ಅವನಿನ್ನೂ ಕೂಗಿದರೆ ಕೇಳಿಸುವಷ್ಟು ದೂರದಲ್ಲಿದ್ದ. ಆದರೆ ಪಕ್ಕದಲ್ಲಿ ವಾರ್ಡನ್ ನಿಂತಿದ್ದ, ವಾರ್ಡನ್‌ಗೆ ನಮ್ಮ ಯಜಮಾನರ ಪರಿಚಯವಿತ್ತು.

ಹದ್ದಕ್ಕ ಮರುದಿನದಿಂದ ಕೆಲಸಕ್ಕೆ ಬರಲಿಲ್ಲ. ಈಗ ಸ್ಯಾಂಪಲ್ ಚೀಲ ತುಂಬುವುದೂ ನಾನೇ.