ಗಾಣದ ಮುಂದೆ ಹೂಂಗುಟ್ಟುವುದು

ಬೆಳಗಿನಿಂದ ಮನೆಯೆಲ್ಲ ಬೆಲ್ಲದ ಪಾಕದ ವಾಸನೆ. ಕಾಲುವೆಯ ಆಚೆ ಯಾರೋ ಆಲೆಮನೆ ಹೂಡಿದ್ದಾರೆ. ಕಿಟಕಿ ಮುಚ್ಚಿದರೂ ಬಿಡದು, ತೆರೆದರಂತೂ ಕೇಳಲೇಬೇಡಿ. ನಮ್ಮವರು ಪಡಸಾಲೆಯಲ್ಲಿ ಹೊರಸಿನ ಮೇಲೆ ಮಲಗಿ, ನಾನು ಹೇಳಿದ್ದಕ್ಕೆಲ್ಲ ಹೂಂ ಅನ್ನುತ್ತಿದ್ದರು. ಹೊಸಪೇಟೆ ಸಂತೆಗೆ ಹೋಗಬೇಕು ಅಂದೆ, ಹೂಂ. ಹಿತ್ತಲ ಗೋಡೆ ಇವತ್ತೋ ನಾಳೆಯೋ ಬೀಳುತ್ತದೆ ಅಂದೆ, ಅದಕ್ಕೂ ಹೂಂ. ನನಗೆ ಹೆದರಿಕೆ ಶುರುವಾಯಿತು. ಗಂಡ ಹೂಂ ಅಂದರೆ ಯಾವ ಹೆಂಡತಿ ಹೆದರುತ್ತಾಳೆ ಅಂತ ನಗಬೇಡಿ. ನಾನು ಹೆದರುತ್ತೇನೆ, ಅದಕ್ಕೆ ಕಾರಣವಿದೆ.

ನಾನು ಬುಕ್ಕಸಾಗರದಿಂದ ಕಂಪ್ಲಿಗೆ ಸೊಸೆಯಾಗಿ ಬಂದ ವರ್ಷದ ಮಾತು. ಕಬ್ಬು ಅರೆಯುವ ದಿನಗಳಲ್ಲಿ ನಮ್ಮ ಮನೆಯಲ್ಲಿ ಒಂದು ಪದ್ಧತಿ ಇತ್ತು. ಗಾಣದ ಬಾಯಿಗೆ ಕಬ್ಬು ಕೊಡುವವನ ಎದುರಿಗೆ ಒಬ್ಬರು ಕೂತು ಕಥೆ ಹೇಳಬೇಕು, ಅವನು ಮಾತಿಗೊಮ್ಮೆ ಹೂಂ ಅನ್ನಬೇಕು. ಹೂಂ ನಿಂತಿತೋ, ಎತ್ತು ನಿಲ್ಲಿಸಬೇಕು. ಯಾಕೆಂದರೆ ತೂಕಡಿಸಿದವನ ಕೈಯನ್ನು ಗಾಣ ಬಿಡುವುದಿಲ್ಲ. ನಮ್ಮ ಓಣಿಯಲ್ಲೇ ಮೊಣಕೈವರೆಗೆ ಮಾತ್ರ ಕೈ ಉಳಿದವರೊಬ್ಬರು ಇದ್ದರು. ಅವರನ್ನು ಕಂಡಾಗಲೆಲ್ಲ ನಾನು ಸೆರಗು ಎಳೆದುಕೊಂಡು ಬೇರೆ ಕಡೆ ನೋಡುತ್ತಿದ್ದೆ.

ಕಥೆ ಹೇಳುವುದು ನಮ್ಮ ಅತ್ತೆಯ ಕೆಲಸ. ಏನು ಗಂಟಲು ಅವರದು! ಊರಾಚೆಯ ಗದ್ದೆಗೂ ಕೇಳಬೇಕು. ಅವತ್ತು ಮಧ್ಯಾಹ್ನ ಅವರು ಬುತ್ತಿ ತರಲು ಮನೆಗೆ ಹೊರಟವರು, 'ಏ ಹುಡುಗಿ, ನೀ ಕುಂದ್ರು. ಬಾಯಿ ಐತೆಲ್ಲ?' ಅಂದು ನಡೆದುಬಿಟ್ಟರು. ಬಾಯಿ ಇತ್ತು ನಿಜ. ಆದರೆ ಕಬ್ಬು ಕೊಡುತ್ತಿದ್ದವರು ನಮ್ಮವರು, ಎತ್ತು ಹೊಡೆಯುತ್ತಿದ್ದವರು ಮಾವ. ಅವರ ಮುಂದೆ ಹೊಸ ಸೊಸೆ ಗಂಡನಿಗೆ ಕಥೆ ಹೇಳುವುದೆಂದರೆ! ತಲೆ ತಗ್ಗಿಸಿ, ನೆಲ ನೋಡುತ್ತ, ಒಬ್ಬ ರಾಜನ ಮಗಳನ್ನು ಹೇಗೋ ಹೊರಡಿಸಿದೆ.

ರಾಜನ ಮಗಳು ಕಾಡಿಗೆ ಹೋದಳು. ಹೂಂ. ಹುಲಿ ಬಂತು. ಹೂಂ. ಅಲ್ಲಿಗೆ ನನ್ನ ಸರಕು ಮುಗಿಯಿತು. ಹುಲಿಯೂ ಅವಳೂ ಕೂತು ಮೊಸರನ್ನ ಉಂಡರು ಅಂದೆ. ಅದಕ್ಕೂ ಹೂಂ. ಇವರಿಗೆ ನನ್ನ ಮಾತೆಂದರೆ ಇಷ್ಟೇ ಅಂತ ಮೈ ಉರಿದುಹೋಯಿತು. 'ನಾ ಬುಕ್ಕಸಾಗರಕ್ಕ ಹೊಂಟೆ. ತಿರುಗಿ ಬರಂಗಿಲ್ಲ' ಅಂದೆ.

'ಹೂಂ.'

ಸಿಟ್ಟಿನಲ್ಲಿ ಮುಖ ಎತ್ತಿ ನೋಡಿದೆ. ಅವರ ಕಣ್ಣುಗಳು ಮುಚ್ಚಿದ್ದವು. ನಿದ್ದೆಯಲ್ಲೇ ಹೂಂ ಅನ್ನುತ್ತಿದ್ದರು, ನಿದ್ದೆಯಲ್ಲೇ ಕಬ್ಬು ಕೊಡುತ್ತಿದ್ದರು. ಹಿಡಿದ ಜಲ್ಲೆ ಗಿಡ್ಡವಾಗುತ್ತ ಬಂದಿತ್ತು, ಅದರ ಹಿಂದೆಯೇ ಬೆರಳುಗಳೂ ಗಾಣದ ಕಡೆಗೆ ಸರಿಯುತ್ತಿದ್ದವು.

'ಏನ್ರೀ' ಅಂದೆ. ಹೂಂ ಅಂದರು.

'ಕೈ ತೆಗೀರಿ!'

'ಹೂಂ.'

ಮಾವ ಎತ್ತುಗಳ ಜೊತೆ ಗಾಣದ ಆ ಬದಿಗಿದ್ದರು. ಅವರಿಗೆ ಹೇಳಿ, ಎತ್ತು ನಿಲ್ಲುವುದರೊಳಗೆ ಎಲ್ಲ ಮುಗಿದಿರುತ್ತಿತ್ತು. ಗಂಡನ ಹೆಸರು ನನ್ನ ನಾಲಿಗೆಯ ಮೇಲೆ ಎಂದೂ ಬಂದದ್ದಲ್ಲ. ಕೇಳಿದ್ದು ಅತ್ತೆಯ ಬಾಯಲ್ಲಿ ಮಾತ್ರ. ಅವರು ಕರೆಯುವ ಹಾಗೆಯೇ, ಇದ್ದ ಶಕ್ತಿಯೆಲ್ಲ ಹಾಕಿ ಕಿರುಚಿದೆ:

'ಸಿದ್ಲಿಂಗಾ!'

ಅವರು ಬೆಚ್ಚಿ ಕೈ ಕಿತ್ತರು. ಅಂಗಿಯ ತೋಳು ಗಾಣದೊಳಗೆ ಹೋಗಿ ಪರ್ರನೆ ಹರಿಯಿತು. ಮಾವ ಎತ್ತುಗಳನ್ನು ಜಗ್ಗಿ ನಿಲ್ಲಿಸಿದರು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವ ಸದ್ದೊಂದೇ.

ಬುತ್ತಿ ಹೊತ್ತು ಬರುತ್ತಿದ್ದ ಅತ್ತೆಗೆ ದಾರಿಯಲ್ಲೇ ಕೇಳಿಸಿತ್ತು. ಓಡಿಬಂದವರು ಎದೆ ಬಡಿದುಕೊಂಡರು. 'ಎಂಥಾಕಿ ನೀನು! ಗಂಡನ ಹೆಸರು ಹಿಡದು ಕರದ್ರ ಅವನ ಆಯುಷ್ಯ ಕಮ್ಮಿ ಆಗ್ತದ, ಗೊತ್ತಿಲ್ಲೇನು?'

ಮಾವ ಮಗನ ಕೈ ಹಿಡಿದು ಅತ್ತೆಯ ಮುಖದ ಮುಂದೆ ಎತ್ತಿದರು. 'ಬೆರಳು ನೋಡು, ಎಲ್ಲಾ ಅದಾವ. ಇನ್ನ ಬಾಯಿ ಮುಚ್ಚು.'

ಅತ್ತೆ ಬಾಯಿ ಮುಚ್ಚಿದರು. ಆದರೆ ಭಯ ಬಿಡಲಿಲ್ಲ. ನನ್ನನ್ನು ಹಂಪಿಗೆ ಕರೆದೊಯ್ದು ತಪ್ಪುಕಾಣಿಕೆ ಹಾಕಿಸಿ, ದೀಪ ಹಚ್ಚಿಸಿದರು. ಅವರ ಭಯ ನನಗೂ ಹತ್ತಿತು. ನಮ್ಮವರಿಗೆ ಒಂದು ಜ್ವರ ಬಂದರೂ ನನ್ನ ನಾಲಿಗೆಯಿಂದಲೇ ಬಂತೇನೋ ಅಂತ ಕಂಗಾಲಾಗುತ್ತಿದ್ದೆ. ಆ ಹೆಸರನ್ನು ಮತ್ತೆ ಉಚ್ಚರಿಸಲಿಲ್ಲ. ಅಂದಿನಿಂದ ಅವರು ಹೂಂ ಅಂದರೆ ಮುಖ ನೋಡದೆ ಮಾತು ಮುಂದುವರಿಸುವುದೂ ನನ್ನಿಂದಾಗದು. ಇದನ್ನು ನಮ್ಮವರು ಸಂಶಯದ ಸ್ವಭಾವ ಅನ್ನುತ್ತಾರೆ. ಅನ್ನಲಿ.

ಇವತ್ತೂ ಎದ್ದು ಹೋಗಿ ನೋಡಿದೆ. ನಿದ್ದೆಯಲ್ಲ. ಕಣ್ಣು ತೆರೆದೇ ಇತ್ತು, ತೊಲೆ ನೋಡುತ್ತಿದ್ದರು. ಅವರಿಗೂ ಅದೇ ಬೆಲ್ಲದ ವಾಸನೆ ಬಡಿದಿರಬೇಕು. ಇಷ್ಟು ವರ್ಷ ಕೇಳದ್ದನ್ನು ಕೇಳಿಬಿಟ್ಟೆ: 'ಅವತ್ತು ನಾ ಒದರಿದ್ದು ಕೇಳಿ ಎಚ್ಚರಾತೇನ್ರಿ?'

'ನಿಂದು ಅಂತ ಎಲ್ಲಿ ಗೊತ್ತಾತು? ಅವ್ವ ಕರದ್ಲು ಅನಕೊಂಡೆ.'

ಭಾಳ ಚೆನ್ನಾಯಿತು! ಕೂಗಿದ್ದು ನಾನು, ತಪ್ಪುಕಾಣಿಕೆ ಹಾಕಿದ್ದು ನಾನು, ಇಷ್ಟು ವರ್ಷ ಜೀವ ಕೈಯಲ್ಲಿ ಹಿಡಿದದ್ದು ನಾನು, ಹೆಸರು ಮಾತ್ರ ಅತ್ತೆಗೆ. ನಾಲ್ಕು ಮಾತು ಆಡಿಯೇ ಬಿಡೋಣ ಅಂತ ಬಾಯಿ ತೆರೆದೆ. ಅಷ್ಟರಲ್ಲಿ ಅವರೇ ಅಂದರು: 'ಅವ್ವ ಹೋದ ಮ್ಯಾಲೆ ನನ್ನ ಹಂಗ ಕರಿಯೋರು ಯಾರೂ ಇಲ್ಲ ನೋಡು.'

ನನ್ನ ಸಿಟ್ಟು ಎಲ್ಲಿ ಹೋಯಿತೋ ತಿಳಿಯದು. ಬಾಗಿಲ ಕಡೆ ನೋಡಿದೆ, ಯಾರೂ ಇರಲಿಲ್ಲ. ಆಯುಷ್ಯದ ಭಯ ಇನ್ನೂ ಹೋಗಿಲ್ಲ, ಸುಳ್ಳು ಯಾಕೆ ಹೇಳಲಿ. ಹೊರಸಿನ ಅಂಚಿಗೆ ಕೂತು, ಅವರ ಬೆರಳುಗಳನ್ನು ನನ್ನ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡು, ಮೆಲ್ಲಗೆ ಕರೆದೆ.

'ಸಿದ್ಲಿಂಗಾ.'

'ಬಂದೆ' ಅಂದರು, ನನ್ನನ್ನೇ ನೋಡುತ್ತ.